ಕಾಲರ್ ಇರುವ ಕೌದಿ

ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಟೈಲರ್ ಮಾಸ್ಟರ ಮನೆ ತೋರಿಸುತ್ತಿದ್ದರು. ಹಸಿರು ಗೇಟು, ಗೇಟಿನ ಮೇಲೆ ಒಣಗಲು ಹಾಕಿದ ಎರಡು ಟವೆಲ್ಲು, ವರಾಂಡದ ಕುರ್ಚಿಯಲ್ಲಿ ಮಾಸ್ಟರು. ಮೂವತ್ತೊಂದು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮನುಷ್ಯ. ಎದುರಿಗೆ ಬಂದವರ ಬಟ್ಟೆಯನ್ನು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ, ಏನೂ ಹೇಳದೆ ಬರೀ ‘ಹೂಂ’ ಅನ್ನುವುದು ಅವರ ಅಭ್ಯಾಸ. ಆ ಒಂದು ‘ಹೂಂ’ಗೆ ಹೆದರಿ ಎದುರುಮನೆಯ ಬ್ಯಾಂಕ್ ಗುಮಾಸ್ತರು ಹೊಸ ಅಂಗಿ ಹಾಕಿಕೊಂಡ ದಿನ ಹಿಂದಿನ ಓಣಿಯಿಂದ ಸುತ್ತಿ ಹೋಗುತ್ತಿದ್ದರು.

ಇಷ್ಟೆಲ್ಲ ಗತ್ತಿನ ಮಾಸ್ಟರಿಗೆ ಹೊಲಿಯಲು ಬರುತ್ತಿದ್ದದ್ದು ಕಾಲರ್ ಒಂದೇ. ಈ ಸಂಗತಿ ಅವರನ್ನು ಬಿಟ್ಟರೆ ಬೀದಿಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಕಟ್ಟಿಕೊಂಡ ಹೆಂಡತಿಗೂ ಗೊತ್ತಿರಲಿಲ್ಲ.

ಕಾರ್ಖಾನೆಯ ಕೆಲಸ ಇರುವುದೇ ಹಾಗೆ. ಒಂದು ಬೆಂಚಿನವರು ಜೇಬು, ಇನ್ನೊಂದು ಬೆಂಚಿನವರು ತೋಳು, ಮತ್ತೊಂದು ಮೂಲೆಯಲ್ಲಿ ಕಾಜಾ ಗುಂಡಿ. ಮಾಸ್ಟರ ಬೆಂಚಿಗೆ ಕತ್ತರಿಸಿದ ಕಾಲರ್ ತುಂಡುಗಳು ಕಟ್ಟುಕಟ್ಟಾಗಿ ಬಂದು ಬೀಳುತ್ತಿದ್ದವು. ಎರಡು ತುಂಡಿನ ನಡುವೆ ಗಟ್ಟಿ ಬಕ್ರಂ ಬಟ್ಟೆ ಇಟ್ಟು ಹೊಲಿಯುವುದು, ಒಳಹೊರಗು ಮಗುಚುವುದು, ಮರದ ಕಡ್ಡಿಯಿಂದ ಎರಡೂ ಮೂಲೆಗಳನ್ನು ಚೂಪಾಗುವಂತೆ ತಿವಿಯುವುದು, ಪಕ್ಕದ ಬೆಂಚಿಗೆ ದಾಟಿಸುವುದು. ದಿನಕ್ಕೆ ನಾನೂರು. ಪೂರ್ತಿ ಅಂಗಿ ಹೇಗಿರುತ್ತದೆಂದು ನೋಡಬೇಕಾದರೆ ಅವರೂ ನಮ್ಮ ನಿಮ್ಮ ಹಾಗೆ ಅಂಗಡಿಗೇ ಹೋಗಬೇಕಿತ್ತು. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನವರ ಕುತ್ತಿಗೆಯನ್ನೇ ದಿಟ್ಟಿಸುತ್ತಿದ್ದರು. ಅದಕ್ಕಾಗಿ ಎರಡು ಸಲ ಬೈಸಿಕೊಂಡದ್ದೂ ಉಂಟು.

ಹಾಗೆಂದು ಸುಳ್ಳು ಹೇಳಿದವರು ಅವರಲ್ಲ. ಮದುವೆಯ ಮಾತುಕತೆಯಲ್ಲಿ ಹೆಣ್ಣಿನ ಸೋದರಮಾವ ‘ಹುಡುಗ ಟೈಲರ್ ಮಾಸ್ಟರು’ ಅಂದುಬಿಟ್ಟರು. ಹುಡುಗ ತಲೆ ತಗ್ಗಿಸಿ ಕೂತ. ಅದನ್ನು ಎಲ್ಲರೂ ವಿನಯ ಅಂದುಕೊಂಡರು. ಆಮೇಲೆ ಬಾಯಿ ಬಿಡುವುದಕ್ಕೆ ಒಳ್ಳೆಯ ಹೊತ್ತು ಸಿಗಲೇ ಇಲ್ಲ. ಹೆಂಡತಿ ಬಟ್ಟೆ ತಂದು ಮುಂದಿಟ್ಟಾಗಲೆಲ್ಲ ಮಾಸ್ಟರು ಬೆನ್ನು ಹಿಡಿದುಕೊಂಡು, ದಿನವೆಲ್ಲ ಹೊಲಿದು ಬಂದವನಿಗೆ ಮನೆಯಲ್ಲೂ ಅದೇ ಕೆಲಸವೇ ಎಂದು ನರಳುತ್ತಿದ್ದರು. ಆಕೆ ಪಾಪ, ಬಟ್ಟೆಯನ್ನು ಬೀದಿಯ ತಿರುವಿನ ಹೊಲಿಗೆ ಅಂಗಡಿಗೆ ಕೊಟ್ಟು ಬಂದು ಗಂಡನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದರು. ನೆರೆಯವರು ಹರಿದ ಪ್ಯಾಂಟು ಹಿಡಿದು ಬಂದರೆ, ಮನೆಯ ಮಷೀನಿನ ಬೆಲ್ಟು ಕಿತ್ತುಹೋಗಿದೆ ಎಂಬ ಉತ್ತರ ಸಿದ್ಧವಿತ್ತು. ಆ ಬೆಲ್ಟು ಕಿತ್ತು ಹದಿನೆಂಟು ವರ್ಷವಾಗಿತ್ತು.

ಇದೆಲ್ಲ ನಗುವ ಮಾತಾಯಿತು. ನಗಲಾಗದ ಮಾತೂ ಒಂದಿತ್ತು. ಇದನ್ನು ನಾನು ಮಾಡಿದೆ ಎಂದು ಕೈಯಲ್ಲಿ ಹಿಡಿದು ತೋರಿಸಲು ಮಾಸ್ಟರ ಜೀವಮಾನದಲ್ಲಿ ಒಂದು ವಸ್ತುವೂ ಇರಲಿಲ್ಲ. ಲೆಕ್ಕವಿಲ್ಲದಷ್ಟು ಕಾಲರ್ ಹೊಲಿದಿದ್ದರು, ಆದರೆ ಬರೀ ಕಾಲರನ್ನು ಯಾರೂ ಹಾಕಿಕೊಂಡು ತಿರುಗುವುದಿಲ್ಲವಲ್ಲ. ನಿವೃತ್ತರಾದ ಮೇಲೆ ಈ ಕೊರಗು ಮಧ್ಯಾಹ್ನದ ಹೊತ್ತು, ಕಾಫಿಗೂ ಮುಂಚೆ, ತಪ್ಪದೆ ಬರತೊಡಗಿತು.

ಅವರನ್ನು ಕೌದಿ ಕೂಟಕ್ಕೆ ಎಳೆದುಕೊಂಡು ಹೋದವರು ನಾದಿನಿ. ಹೆಂಡತಿಯ ತಂಗಿಯಾದ ಈ ಮಹಾತಾಯಿಗೆ ಯಾರಾದರೂ ಸುಮ್ಮನೆ ಕೂತಿದ್ದರೆ ಕಣ್ಣಿಗೆ ಖಾರ ಬಿದ್ದಂತಾಗುತ್ತಿತ್ತು. ಹಳೆಯ ಗ್ರಂಥಾಲಯದ ಮಹಡಿಯ ಮೇಲೆ ವಾರಕ್ಕೊಂದು ಮಧ್ಯಾಹ್ನ ಇಪ್ಪತ್ತು ಮಂದಿ ಸೇರಿ, ಮನೆಮನೆಯಿಂದ ತಂದ ಹಳೆಯ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತೇಪೆ ಇಟ್ಟು, ಕೈಯಲ್ಲೇ ಸಾಲು ಹೊಲಿಗೆ ಹಾಕಿ ಕೌದಿ ಮಾಡುತ್ತಿದ್ದರು. ಊರಾಚೆಯ ಮಕ್ಕಳ ನಿಲಯದಲ್ಲಿ ಅಪ್ಪ ಅಮ್ಮ ಇಲ್ಲದ, ಇದ್ದೂ ಇಲ್ಲದಂತಾದ ಇಪ್ಪತ್ತು ಮಕ್ಕಳಿದ್ದರು. ಒಂದು ಮಗುವಿಗೆ ಒಂದು ಕೌದಿ, ಒಂದು ಕೌದಿಗೆ ಒಬ್ಬರೇ ಹೊಲಿಯುವವರು. ಶುರುವಿನಿಂದ ಕೊನೆಯವರೆಗೆ ಬೇರೆಯವರು ಸೂಜಿ ಮುಟ್ಟುವಂತಿಲ್ಲ. ಹೊಲಿದವರೇ ಹೋಗಿ ಮಗುವಿನ ಕೈಗೆ ಕೊಟ್ಟು ಬರಬೇಕು.

ಈ ಕಟ್ಟುಪಾಡುಗಳನ್ನೆಲ್ಲ ಮಾಡಿದವರು ದೊಡ್ಡ ಮೇಡಂ. ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು, ಆದರೆ ಅವರ ಹುಬ್ಬುಗಳು ಇನ್ನೂ ಕೆಲಸದಲ್ಲೇ ಇದ್ದವು. ಎಡ ಹುಬ್ಬು ಏರಿದರೆ ಅರವತ್ತು ದಾಟಿದವರೂ ಎದ್ದು ನಿಲ್ಲುತ್ತಿದ್ದರು. ಹೊಲಿದು ಮುಗಿಸಿದ ಕೌದಿಯನ್ನು ಅವರು ಪರೀಕ್ಷೆ ಮಾಡುವ ರೀತಿ ಬೇರೆಲ್ಲೂ ಇದ್ದಂತಿಲ್ಲ. ಮಹಡಿಯ ನಡುವೆ ಇದ್ದ ಉದ್ದನೆಯ ಓದುವ ಮೇಜನ್ನು ಹತ್ತಿ, ಚಪ್ಪಲಿ ಕೆಳಗೆ ಬಿಟ್ಟು, ಕನ್ನಡಕ ತೆಗೆದು ಎದೆಯ ಮೇಲಿಟ್ಟುಕೊಂಡು, ಕೌದಿ ಹೊದ್ದು ಕಣ್ಣು ಮುಚ್ಚುವರು. ಇಡೀ ಮಹಡಿ ಉಸಿರು ಬಿಗಿ ಹಿಡಿದು ನಿಲ್ಲುವುದು. ಐದು ನಿಮಿಷದೊಳಗೆ ಮೇಡಂಗೆ ಒಂದು ತೂಕಡಿಕೆ ಬಂದರೆ ಕೌದಿ ಪಾಸು. ಬರದಿದ್ದರೆ ಬಿಚ್ಚಿ ಮತ್ತೆ ಹೊಲಿಯಬೇಕು, ಮತ್ತೆ ಹೊಲಿಯಲು ಹೊತ್ತಿಲ್ಲದಿದ್ದರೆ ಆ ಮಗುವಿಗೆ ಅಂಗಡಿಯ ಕಂಬಳಿ, ಹೊಲಿದವರು ಮನೆಯಲ್ಲೇ. ದೊಡ್ಡವರಿಗೆ ನಿದ್ದೆ ಬಾರದ ಹೊದಿಕೆಯನ್ನು ಮಕ್ಕಳಿಗೆ ಹೇಗೆ ಕೊಡುವುದು ಎನ್ನುವುದು ಅವರ ವಾದ.

‘ನಮ್ಮ ಭಾವ ಮೂವತ್ತೊಂದು ವರ್ಷದ ಟೈಲರ್ ಮಾಸ್ಟರು’ ಎಂದು ನಾದಿನಿ ಸಭೆಗೆ ಪರಿಚಯಿಸಿದಾಗ ಮಹಡಿಯಲ್ಲಿ ಚಪ್ಪಾಳೆ ಬಿತ್ತು. ಮಾಸ್ಟರು ತಲೆ ತಗ್ಗಿಸಿದರು. ಇಲ್ಲಿಯೂ ಅದು ವಿನಯವೇ ಆಯಿತು. ಯಾವ ಮಗು ಯಾರಿಗೆಂದು ಡಬ್ಬದಿಂದ ಎತ್ತಿದ ಚೀಟಿಗಳಲ್ಲಿ ಅವರ ಪಾಲಿಗೆ ಬಂದದ್ದರಲ್ಲಿ ‘ಹುಡುಗಿ, ಏಳು ವರ್ಷ’ ಎಂದಷ್ಟೇ ಇತ್ತು. ಚೀಟಿಯನ್ನು ಜೇಬಿಗೆ ಹಾಕಿಕೊಂಡು ಕೂತವರಿಗೆ ಒಳಗೊಳಗೇ ಏನೋ ಆಗತೊಡಗಿತು. ಹೆದರಿಕೆಯಂತೂ ಇತ್ತು, ಅದರ ಜೊತೆಗೆ ಆಸೆಯೂ ಇತ್ತು. ಶುರುವಿನಿಂದ ಕೊನೆಯವರೆಗೆ ಒಬ್ಬರೇ ಎಂದಿದ್ದರಲ್ಲ ಮೇಡಂ. ಹೇಗಾದರೂ ಮಾಡಿ ಇದೊಂದನ್ನು ಪೂರ್ತಿ ಮಾಡಿ, ಆ ಹುಡುಗಿಯ ಕೈಗೆ ಇಟ್ಟುಬಿಟ್ಟರೆ ಸಾಕು ಎಂದು ಅವರ ಜೀವ ಚಡಪಡಿಸಿತು.

ಆಸೆಗೇನು, ಕೈ ಬರಬೇಕಲ್ಲ. ಕೈಸೂಜಿಯಲ್ಲಿ ಸಾಲು ಹೊಲಿಗೆ ಹಾಕುವುದು ಹೇಗೆಂದು ಕೇಳುವಂತಿಲ್ಲ, ಕೇಳಿದರೆ ಮಾನ ಹೋಯಿತು. ಅದಕ್ಕೆ ಪಕ್ಕದಲ್ಲಿ ಕೂತಿದ್ದ ಪೋಸ್ಟ್‌ಮನ್ನರನ್ನು ಓರೆಗಣ್ಣಿನಲ್ಲಿ ನೋಡಿ ಕಲಿಯತೊಡಗಿದರು. ಕೂಟದಲ್ಲಿದ್ದ ಇನ್ನೊಬ್ಬ ಗಂಡಸು ಅವರೊಬ್ಬರೇ, ನಿವೃತ್ತರಾದರೂ ಪೋಸ್ಟ್‌ಮನ್ ಎಂದೇ ಹೆಸರು. ಆ ಪೋಸ್ಟ್‌ಮನ್ ಎಡಚ. ಮಾಸ್ಟರು ಬಲಗೈಯಲ್ಲಿ ಸೂಜಿ ಹಿಡಿದು, ಎಡಗೈಯವರು ಹೋದ ದಿಕ್ಕಿಗೇ ಹೋಗಲು ನೋಡಿ, ತೋಳನ್ನು ತೋಳಿನ ಮೇಲೆ ಹಾಯಿಸಿಕೊಂಡು, ತಮ್ಮನ್ನು ತಾವೇ ತಬ್ಬಿಕೊಂಡಂಥ ಭಂಗಿಯಲ್ಲಿ ಹೊಲಿಯುತ್ತಿದ್ದರು. ನೋಡಿದವರಿಗೆ ಇದು ಕಾರ್ಖಾನೆಯ ಯಾವುದೋ ವಿಶೇಷ ಪದ್ಧತಿ ಎಂದು ಕಂಡಿತು. ಮುಂದಿನ ವಾರ ಇಬ್ಬರು ಹೆಂಗಸರು ಅದೇ ಭಂಗಿಯಲ್ಲಿ ಹೊಲಿಯಲು ಹೋಗಿ, ಒಬ್ಬರು ತಮ್ಮ ಮೊಣಕೈಗೆ ಚುಚ್ಚಿಕೊಂಡರು, ಇನ್ನೊಬ್ಬರು ಪಕ್ಕದವರ ಮೊಣಕೈಗೆ ಚುಚ್ಚಿದರು. ಚುಚ್ಚಿದರೂ ಕೆಲಸ ಚುರುಕಾಗಿದೆ ಎಂದೇ ಹೇಳಿದರು.

ಮೂಲೆಗಳದ್ದು ಬೇರೆಯೇ ಪಾಡು. ಸಾಲು ಮುಗಿದು ಮೂಲೆ ಬಂದ ಕೂಡಲೇ ಮಾಸ್ಟರ ಕೈ ಅವರ ಮಾತು ಕೇಳುತ್ತಿರಲಿಲ್ಲ. ಮಡಚಿ, ಮಗುಚಿ, ಕಡ್ಡಿಯಿಂದ ತಿವಿದು ಚೂಪು ಮಾಡಿಬಿಡುತ್ತಿತ್ತು. ಮೂರು ವಾರದಲ್ಲಿ ಆ ಕೌದಿಯ ತೇಪೆಗಳಿಗೆಲ್ಲ ಕಿವಿ ಬಂದಿದ್ದವು. ಬಿಚ್ಚಿ ಮತ್ತೆ ಹೊಲಿದರು. ಐದನೇ ವಾರ ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು ಬಹಳ ಚೆನ್ನಾಗಿ, ಬಹಳ ನೇರವಾಗಿ ಎರಡು ಗಂಟೆ ಹೊಲಿದು, ಚಹಾಕ್ಕೆಂದು ಎದ್ದರು. ಕೌದಿಯೂ ಎದ್ದಿತು. ಪ್ಯಾಂಟಿಗೆ ಸೇರಿಸಿಯೇ ಹೊಲಿದಿದ್ದರು. ಕೌದಿಯ ಜೊತೆ ಕತ್ತರಿ ಬಂತು, ಸೂಜಿ ಡಬ್ಬ ಬಂತು, ಪೋಸ್ಟ್‌ಮನ್ನರ ಚಹಾ ಬಂದು ಪೋಸ್ಟ್‌ಮನ್ನರ ಮೇಲೇ ಬಿತ್ತು. ಬಟ್ಟೆ ಎಷ್ಟು ಬಿಗಿಯಾಗಿ ಕೂರುತ್ತದೆ ಎಂದು ಮೈಮೇಲೆ ಹಾಕಿ ನೋಡುತ್ತಿದ್ದೆ ಎಂದು ಮಾಸ್ಟರು ಸಮಾಧಾನ ಹೇಳಿದರು. ನಾದಿನಿ ಹೆಮ್ಮೆಯಿಂದ ಸುತ್ತ ನೋಡಿದರು. ದೊಡ್ಡ ಮೇಡಂ ಎಡ ಹುಬ್ಬನ್ನು ಅರ್ಧ ಏರಿಸಿ, ಯಾಕೋ ಏನೋ, ಮತ್ತೆ ಇಳಿಸಿದರು.

ಎರಡು ತಿಂಗಳು ಹೀಗೇ ಕಳೆದು, ಬೆರಳುಗಳೆಲ್ಲ ಜರಡಿಯಾದ ಮೇಲೆ, ಕೌದಿ ಕೌದಿಯ ಹಾಗೆ ಕಾಣತೊಡಗಿತು. ನೀಲಿ, ಹಳದಿ, ಮಾಸಿದ ಗುಲಾಬಿ ತೇಪೆಗಳು, ಅಲ್ಲಲ್ಲಿ ಸೊಟ್ಟಗಾದರೂ ಗಟ್ಟಿಯಾದ ಸಾಲುಗಳು. ಪರೀಕ್ಷೆಯ ದಿನ ಬೆಳಗ್ಗೆ ಮಾಸ್ಟರು ಅದನ್ನು ವರಾಂಡದಲ್ಲಿ ಹಾಸಿ ನೋಡಿದರೆ ತಲೆಯ ಕಡೆಯ ಅಂಚು ಓರೆ. ಬಲಗಡೆ ಎರಡು ಬೆರಳು ಹೆಚ್ಚಿದೆ ಎಂದು ಬಲಗಡೆ ಕತ್ತರಿಸಿದರು. ಈಗ ಎಡಗಡೆ ಹೆಚ್ಚಾಯಿತು. ಎಡಗಡೆ ಕತ್ತರಿಸಿದರು. ಕತ್ತರಿಸುವುದು ಅವರ ಬೆಂಚಿನ ಕೆಲಸವಾಗಿರಲಿಲ್ಲ, ಕತ್ತರಿ ಹೋದ ದಾರಿಯಲ್ಲಿ ಅವರು ಹೋದರು. ಕೊನೆಗೆ ಕತ್ತರಿ ಕೆಳಗಿಟ್ಟು ನೋಡಿದಾಗ ಅಂಚಿನ ನಟ್ಟನಡುವೆ ಅರ್ಧ ಚಂದ್ರನಂಥ ಒಂದು ಹಳ್ಳ ಬಿದ್ದಿತ್ತು.

ಬೇರೆ ಯಾರೇ ಆಗಿದ್ದರೂ ಅಲ್ಲಿ ಒಂದು ತೇಪೆ ಹಚ್ಚಿ ಮುಚ್ಚುತ್ತಿದ್ದರು. ಮಾಸ್ಟರ ಕಣ್ಣಿಗೆ ಅದು ಹಳ್ಳವಾಗಿ ಕಾಣಲೇ ಇಲ್ಲ. ಕುತ್ತಿಗೆಯಾಗಿ ಕಂಡಿತು. ಕುತ್ತಿಗೆ ಕಂಡ ಮೇಲೆ ಅವರ ಕೈ ಅವರದಾಗಿ ಉಳಿಯಲಿಲ್ಲ. ಟ್ರಂಕಿನಿಂದ ಬಕ್ರಂ ತುಂಡು ಬಂತು, ಬಿಳಿಯ ಮೇಲೆ ಸಣ್ಣ ಕೆಂಪು ಗೆರೆಯ ಬಟ್ಟೆ ಬಂತು. ಎರಡು ತಿಂಗಳಿಂದ ಎಡವುತ್ತಿದ್ದ ಬೆರಳುಗಳು ಅರ್ಧ ಗಂಟೆ ಎಲ್ಲೂ ತಡವರಿಸಲಿಲ್ಲ. ಕಾಜಾ ಹಾಕಲು ಬಾರದ್ದಕ್ಕೆ ದಾರದ ಒಂದು ಕುಣಿಕೆ ಮಾಡಿ, ಎದುರಿಗೆ ಒಂದು ಗುಂಡಿಯನ್ನೂ ಹಚ್ಚಿದರು. ಮೈಮರೆತು ಸಿಳ್ಳೆ ಕೂಡ ಹಾಕಿದರು. ದಾರ ಕಡಿದು ಎದ್ದು ನಿಂತು ನೋಡಿದಾಗಲೇ ನಿಯಮ ನೆನಪಾದದ್ದು. ಕೌದಿಗೆ ಗುಂಡಿ, ಜೇಬು, ಕುಚ್ಚು ಯಾವುದೂ ಇರಕೂಡದೆಂದು ಮೇಡಂ ಮೊದಲ ದಿನವೇ ಹೇಳಿದ್ದರು. ಬಿಚ್ಚೋಣವೆಂದರೆ, ಒಳ್ಳೆಯ ಕಾಲರನ್ನು ಬಿಚ್ಚಲು ಅವರಿಗೆ ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಹೆಂಡತಿ ಹೊರಡಲು ಸಿದ್ಧರಾಗಿ ಬಾಗಿಲಲ್ಲಿ ನಿಂತಿದ್ದರು. ಮಾಸ್ಟರು ಕೌದಿಯನ್ನು ಕಾಲರ್ ಕಾಣದಂತೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಗಂಡನ ಕೈಕೆಲಸ ಇಷ್ಟು ವರ್ಷಕ್ಕೆ ಕಣ್ಣಾರೆ ನೋಡುವ ಭಾಗ್ಯ ಬಂತೆಂದು ಹೆಂಡತಿ ದಾರಿಯುದ್ದಕ್ಕೂ ಹೇಳುತ್ತ ಬಂದರು. ಮಾಸ್ಟರು ಕೌದಿಯನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡರು.

ಮೂರು ಗಂಟೆಗೆ ಮಕ್ಕಳ ನಿಲಯಕ್ಕೆ ಹೋಗುವ ವ್ಯಾನು ಬರುವುದಿತ್ತು. ಹನ್ನೆರಡಕ್ಕೆ ದೊಡ್ಡ ಮೇಡಂ ಮೇಜು ಹತ್ತಿದರು. ಒಂದೊಂದು ಕೌದಿಗೂ ಮಲಗುವುದು, ತೂಕಡಿಸುವುದು, ಎದ್ದು ಕನ್ನಡಕ ಹಾಕಿಕೊಂಡು ‘ಪಾಸು’ ಅನ್ನುವುದು. ಪೋಸ್ಟ್‌ಮನ್ನರ ಕೌದಿಯಲ್ಲಿ ಸ್ವಲ್ಪ ಅನುಮಾನವಿತ್ತು, ನಾಲ್ಕು ಮುಕ್ಕಾಲು ನಿಮಿಷಕ್ಕೆ ಮೇಡಂ ಬಾಯಿ ತೆರೆದುಕೊಂಡದ್ದರಿಂದ ಪಾರಾದರು. ಮೊಣಕೈಗೆ ಸೂಜಿ ಚುಚ್ಚಿದ ಹೆಂಗಸರೂ ಪಾಸಾದರು. ಮಾಸ್ಟರು ಬೇಕೆಂದೇ ಹಿಂದೆ ಹಿಂದೆ ಸರಿದು ಕೊನೆಯವರಾದರು. ಅವರ ಸರದಿ ಬರುವಾಗ ಎರಡು ಗಂಟೆ ದಾಟಿತ್ತು.

ಕೌದಿ ಬಿಚ್ಚಿದಾಗ ಕಾಲರ್ ಸೆಟೆದು ನಿಂತಿತು. ಮಹಡಿಯಲ್ಲಿ ಸೂಜಿ ಬಿದ್ದರೂ ಕೇಳುತ್ತಿತ್ತು, ನಿಜಕ್ಕೂ ಎರಡು ಬಿದ್ದವು. ದೊಡ್ಡ ಮೇಡಂ ಕಾಲರನ್ನು ನೋಡಿದರು, ಮಾಸ್ಟರನ್ನು ನೋಡಿದರು, ಎಡ ಹುಬ್ಬು ಎಲ್ಲಿಯವರೆಗೆ ಹೋಗಬಹುದೋ ಅಲ್ಲಿಯವರೆಗೆ ಹೋಯಿತು. ಆದರೆ ಪರೀಕ್ಷೆಯೆಂದರೆ ಪರೀಕ್ಷೆ. ಮಲಗಿದರು, ಕೌದಿ ಹೊದ್ದರು, ಇರುವುದನ್ನೆಲ್ಲ ಪರೀಕ್ಷಿಸದೆ ಬಿಡಬಾರದೆಂದು ಕಾಲರನ್ನು ಕುತ್ತಿಗೆಗೆ ಸುತ್ತಿಕೊಂಡು ಗುಂಡಿಯನ್ನೂ ಹಾಕಿಕೊಂಡರು. ಹೊರಗೆ ಉಳಿದದ್ದು ಮುಖ ಒಂದೇ. ಒಂದು ನಿಮಿಷವಾಗಿರಲಿಲ್ಲ, ಗೊರಕೆ ಕೇಳಿಸಿತು.

ಹೆಂಡತಿ ಮಾಸ್ಟರ ತೋಳು ಹಿಂಡಿದರು. ನಾದಿನಿ ಸದ್ದಾಗದ ಹಾಗೆ ಚಪ್ಪಾಳೆ ತಟ್ಟಿದರು. ಐದು ನಿಮಿಷವಾಯಿತು, ಹತ್ತಾಯಿತು, ಮೇಡಂ ಏಳಲಿಲ್ಲ. ಹತ್ತೊಂಬತ್ತು ಬಾರಿ ನಿದ್ದೆಯ ಹೊಸ್ತಿಲವರೆಗೆ ಹೋಗಿ ವಾಪಸು ಬಂದವರು ಇಪ್ಪತ್ತನೇ ಬಾರಿ ಒಳಗೇ ಹೋಗಿ ಚಿಲಕ ಹಾಕಿಕೊಂಡಿದ್ದರು. ಅರ್ಧ ಗಂಟೆಯಾದ ಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡ ಮೇಡಮ್ಮನ್ನು ಎಬ್ಬಿಸುವುದು ಯಾರು. ಅಲ್ಲಿದ್ದವರಲ್ಲಿ ಆರು ಮಂದಿ ಅವರ ಶಾಲೆಯಲ್ಲೇ ಓದಿದವರು, ಅವರಂತೂ ಗೋಡೆಗೆ ಒರಗಿಬಿಟ್ಟರು. ಕೆಮ್ಮಿ ನೋಡಿದರು, ಕುರ್ಚಿ ಎಳೆದು ನೋಡಿದರು. ಪೋಸ್ಟ್‌ಮನ್ ಹಳೆಯ ಅಭ್ಯಾಸದಂತೆ ಕಿಟಕಿಯ ಚೌಕಟ್ಟನ್ನು ಬಡಿದು ‘ಪೋಸ್ಟ್’ ಎಂದು ಮೆಲ್ಲಗೆ ಕೂಗಿಯೂ ನೋಡಿದರು. ಗೊರಕೆಯ ರಾಗ ಬದಲಾಯಿತೇ ಹೊರತು ನಿಲ್ಲಲಿಲ್ಲ. ಕೆಳಗೆ ವ್ಯಾನು ಬಂದು ಹಾರನ್ ಹೊಡೆಯಿತು. ಹತ್ತೊಂಬತ್ತು ಕೌದಿಗಳು ಇಳಿದು ವ್ಯಾನು ಸೇರಿದವು. ಇನ್ನೊಂದು ಇದೆಯಂತಲ್ಲ, ಅದನ್ನೂ ಬೇಗ ಕೊಡಿ ಎಂದು ಡ್ರೈವರು ಮೇಲೆ ಬಂದು, ಇನ್ನೊಂದು ಯಾರ ಮೇಲಿದೆ ಎಂದು ನೋಡಿ, ಬಂದ ಹಾಗೆಯೇ ಇಳಿದು ಹೋದ.

ಸುಮ್ಮನೆ ಬಿಟ್ಟುಬಿಡಬಹುದಿತ್ತು. ಮೇಡಂ ನಿಧಾನವಾಗಿ ಏಳಲಿ, ಆ ಹುಡುಗಿಗೆ ಅಂಗಡಿಯ ಕಂಬಳಿ ಹೋಗಲಿ, ಕೌದಿ ಮುಂದಿನ ತಿಂಗಳು ನೋಡೋಣ. ಮಾಸ್ಟರ ಗುಟ್ಟೂ ಉಳಿಯುತ್ತಿತ್ತು. ನಾದಿನಿ ಕೂಡ ಹಾಗೆಯೇ ಸೂಚಿಸಿದರು. ಮಾಸ್ಟರು ಜೇಬಿಗೆ ಕೈ ಹಾಕಿದರು, ಚೀಟಿ ಸಿಕ್ಕಿತು. ಹತ್ತೊಂಬತ್ತು ಮಕ್ಕಳು ಕೌದಿ ಹೊದ್ದು ಕೂತ ಕೋಣೆಯಲ್ಲಿ ಒಂದು ಮಗು ಕಂಬಳಿ ಹಿಡಿದು ನಿಂತಿರುವುದು ಕಣ್ಣ ಮುಂದೆ ಬಂತು. ಚೀಟಿಯನ್ನು ಮತ್ತೆ ಜೇಬಿಗಿಟ್ಟರು. ಮೇಜಿನ ಹತ್ತಿರ ಹೋಗಿ, ದೇಶದಲ್ಲೇ ಯಾರೂ ಮಾಡದ ಧೈರ್ಯ ಮಾಡಿ, ಹೆಡ್‌ಮಿಸ್ಟ್ರೆಸ್ಸರ ಗಲ್ಲದ ಕೆಳಗಿನ ಗುಂಡಿಗೆ ಎರಡು ಬೆರಳು ಹಾಕಿದರು.

ದೊಡ್ಡ ಮೇಡಂ ಕಣ್ಣು ಬಿಟ್ಟರು.

‘ಇದೇನ್ರೀ ಮಾಸ್ಟ್ರೇ?’

‘ಕಾಲರ್, ಮೇಡಂ.’

‘ಅದು ನನಗೂ ಕಾಣ್ತಿದೆ. ಯಾಕೆ ಹಾಕಿದ್ರಿ?’

ಮಾಸ್ಟರು ಹತ್ತು ಬಗೆಯ ಉತ್ತರ ಹುಡುಕಿದರು. ಬೆನ್ನುನೋವು ಇಲ್ಲಿಗೆ ಹೊಂದುತ್ತಿರಲಿಲ್ಲ, ಮಷೀನಿನ ಬೆಲ್ಟೂ ಹೊಂದುತ್ತಿರಲಿಲ್ಲ. ಬೆರಳುಗಳು ಇನ್ನೂ ಗುಂಡಿಯಲ್ಲೇ ಇದ್ದವು.

‘ನನಗೆ ಬರೋದು ಅದೊಂದೇ ಮೇಡಂ. ಮೂವತ್ತೊಂದು ವರ್ಷ ಕಾಲರ್ ಬಿಟ್ಟು ಬೇರೆ ಏನೂ ಹೊಲಿದಿಲ್ಲ. ಮಾಸ್ಟರ್ ಅಂತ ಎಲ್ಲರೂ ಕರೆದ್ರು, ನಾನು ಸುಮ್ಮನಿದ್ದೆ. ಇದರಲ್ಲಿ ಉಳಿದಿದ್ದೆಲ್ಲ ಪೋಸ್ಟ್‌ಮನ್ನರನ್ನ ನೋಡ್ಕೊಂಡು ಮಾಡಿದ್ದು.’

ಮೊಣಕೈಗೆ ಸೂಜಿ ಚುಚ್ಚಿದ ಇಬ್ಬರೂ ಒಟ್ಟಿಗೇ ತಮ್ಮ ಕೈ ನೋಡಿಕೊಂಡರು. ನಾದಿನಿ ಹತ್ತಿರದ ಕುರ್ಚಿಯಲ್ಲಿ ಕುಸಿದರು. ಮಾಸ್ಟರಿಗೆ ಅವರಾರೂ ಕಾಣಲಿಲ್ಲ, ಹೆಂಡತಿಯ ಮುಖ ಒಂದೇ ಕಂಡಿತು. ಆ ಮುಖದಲ್ಲಿ ಮೂವತ್ತು ವರ್ಷದ ಲೆಕ್ಕ ಒಂದೊಂದಾಗಿ ತಾಳೆಯಾಗುತ್ತಿತ್ತು.

‘ಹಾಗಾದ್ರೆ ಮಷೀನಿನ ಬೆಲ್ಟು?’ ಎಂದರು ಆಕೆ.

‘ಚೆನ್ನಾಗೇ ಇದೆ. ಅಟ್ಟದ ಮೇಲಿನ ಡಬ್ಬದಲ್ಲಿಟ್ಟಿದ್ದೀನಿ.’

‘ಬೆನ್ನುನೋವು?’

ಮಾಸ್ಟರು ತಲೆ ತಗ್ಗಿಸಿದರು. ಈ ಸಲ ಯಾರೂ ಅದನ್ನು ವಿನಯ ಎಂದುಕೊಳ್ಳಲಿಲ್ಲ. ಹೆಂಡತಿ ಗಂಡನ ಬೆನ್ನನ್ನೇ ನೋಡಿದರು. ಇಷ್ಟು ವರ್ಷ ತಿಕ್ಕಿದ ಎಣ್ಣೆಯನ್ನೆಲ್ಲ ಒಂದು ಕಡೆ ಸುರಿದರೆ ಎಷ್ಟಾದೀತೆಂದು ನೆನೆಯುತ್ತಿದ್ದರೋ ಏನೋ. ಆಮೇಲೆ ಮುಂದೆ ಬಂದು, ಗಂಡನನ್ನು ಪಕ್ಕಕ್ಕೆ ಸರಿಸಿ, ದೊಡ್ಡ ಮೇಡಂ ಕುತ್ತಿಗೆಯಲ್ಲಿದ್ದ ಕಾಲರನ್ನು ಬೆರಳಿನಿಂದ ಮುಟ್ಟಿ, ಎರಡು ಚೂಪು ಮೂಲೆಗಳನ್ನು ಒತ್ತಿ ನೋಡಿದರು. ಒತ್ತಿದರೂ ಬಾಗಲಿಲ್ಲ.

‘ಕಾಲರ್ ಚೆನ್ನಾಗಿದ್ಯೋ ಇಲ್ವೋ, ಅದನ್ನ ಹೇಳಿ ಮೇಡಂ. ಉಳಿದಿದ್ದು ನಾನು ಮನೇಲಿ ವಿಚಾರಿಸ್ಕೋತೀನಿ.’

ದೊಡ್ಡ ಮೇಡಂ ಮಲಗಿದ್ದಲ್ಲಿಂದಲೇ ಗಡಿಯಾರ ನೋಡಿದರು. ಕನ್ನಡಕ ಇಲ್ಲದೆ ಕಾಣದೆ ಹೊತ್ತು ಕೇಳಿದರು. ಮೂರು ದಾಟಿದೆ ಎಂದು ಯಾರೋ ಹೇಳಿದಾಗ ಅವರ ಮುಖ ಕೆಂಪಾಯಿತು. ಅವರ ಆರು ಶಿಷ್ಯೆಯರು ಮೇಡಂ ನಾಚಿದ್ದನ್ನು ನೋಡಿದ್ದು ಅದೇ ಮೊದಲು. ಮುಕ್ಕಾಲು ಗಂಟೆ ಮಲಗಿ ಎದ್ದವರು ನಿಯಮ ಹೇಳುವುದು ಹೇಗೆಂದು ಅವರಿಗೂ ತೋಚಲಿಲ್ಲ. ಗುಂಡಿ ಮಾತ್ರ ಕಿತ್ತುಹಾಕಬೇಕು, ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ ಎಂದು ಗಂಟಲು ಸರಿಪಡಿಸಿಕೊಂಡು ಹೇಳಿದರು. ಕಾಲರಿನ ಮಾತು ಬಂದಾಗ ಅದನ್ನು ಕುತ್ತಿಗೆಯಿಂದ ತೆಗೆಯಲು ಸ್ವಲ್ಪ ಮನಸ್ಸಿಲ್ಲದವರ ಹಾಗೆ ತೆಗೆದು, ‘ಪಾಸು’ ಎಂದರು.

ವ್ಯಾನಿನಲ್ಲಿ ಜಾಗವಿರಲಿಲ್ಲ, ಆದರೂ ಮಾಸ್ಟರ ಹೆಂಡತಿ ಹತ್ತಿ ಕೂತರು. ಈ ಮನುಷ್ಯನನ್ನು ಇನ್ನು ಮೇಲೆ ಕಣ್ಣಳತೆಯಲ್ಲೇ ಇಟ್ಟುಕೊಳ್ಳುವುದೆಂದು ಅವರು ತೀರ್ಮಾನಿಸಿದಂತಿತ್ತು. ದಾರಿಯಲ್ಲಿ ಗಂಡನೊಡನೆ ಒಂದು ಮಾತೂ ಆಡಲಿಲ್ಲ. ಮಾಸ್ಟರು ಕಿಟಕಿಯ ಹೊರಗೆ ನೋಡುತ್ತ, ಗುಂಡಿ ಕಿತ್ತ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತ ಕೂತಿದ್ದರು. ಬೈಗುಳ ಬಂದಿದ್ದರೆ ಚೆನ್ನಾಗಿತ್ತು ಎನಿಸಿತು. ಆದರೂ, ಹೇಳಬಾರದು, ಮನಸ್ಸು ಹಗುರವಾಗಿತ್ತು.

ನಿಲಯದ ಉದ್ದನೆಯ ಕೋಣೆಯಲ್ಲಿ ಎರಡು ಸಾಲು ಮಂಚ, ಮಂಚಕ್ಕೊಂದು ಮಗು. ತಮ್ಮ ತಮ್ಮ ಕೌದಿ ಸಿಕ್ಕಿದ ಕೂಡಲೇ ಮಕ್ಕಳು ಅದರೊಳಗೆ ಗುಡಾರ ಹೂಡಿದವು, ಒಬ್ಬನಂತೂ ಒಳಗೆ ಹೋದವನು ಬಿಸ್ಕತ್ತು ಹಂಚುವವರೆಗೆ ಹೊರಗೆ ಬರಲಿಲ್ಲ. ಮಾಸ್ಟರ ಚೀಟಿಯ ಹುಡುಗಿ ಕೊನೆಯ ಮಂಚದಲ್ಲಿ ಕಾಲು ತೂಗುಹಾಕಿಕೊಂಡು ಕೂತಿದ್ದಳು. ಮುಂದಿನ ಎರಡು ಹಲ್ಲು ಬಿದ್ದಿದ್ದವು. ಅವಳು ಕೌದಿಯನ್ನು ಹಿಡಿದು, ಕಾಲರನ್ನು ಕಂಡು, ಅದು ಏನೆಂದು ಯಾರನ್ನೂ ಕೇಳದೆ, ಎದ್ದು ನಿಂತು ಹೆಗಲಿಗೆ ಹಾಕಿಕೊಂಡಳು. ಗುಂಡಿ ಇಲ್ಲದಿದ್ದರೂ ಕಾಲರ್ ಅವಳ ಕುತ್ತಿಗೆಯನ್ನು ಬಳಸಿ ನೆಟ್ಟಗೆ ನಿಂತಿತು. ಕೌದಿಯನ್ನು ನೆಲದ ಮೇಲೆ ಎಳೆದುಕೊಂಡು ಕೋಣೆಯ ಆ ತುದಿಯವರೆಗೆ ನಡೆದಳು, ಈ ತುದಿಗೆ ಬಂದಳು. ನಿಲಯದ ಮೇಲ್ವಿಚಾರಕಿಯ ಎದುರು ನಿಂತು, ಕನ್ನಡಕವಿಲ್ಲದಿದ್ದರೂ ಕನ್ನಡಕದ ಮೇಲಿನಿಂದ ನೋಡುವಂತೆ ಅವರನ್ನು ನೋಡಿದಳು. ಗುಡಾರಗಳಿಂದ ಒಂದೊಂದೇ ತಲೆ ಹೊರಬಂತು. ತಮ್ಮದಕ್ಕೆ ಇದು ಯಾಕಿಲ್ಲ ಎಂದು ಆಗಲೇ ಇಬ್ಬರು ಮಕ್ಕಳು ಪೋಸ್ಟ್‌ಮನ್ನರನ್ನು ಹಿಡಿದುಕೊಂಡಿದ್ದರು.

ಮಾಸ್ಟರ ಕಣ್ಣು ತುಂಬಿತ್ತು. ಒರೆಸಿಕೊಳ್ಳಲು ಕರ್ಚೀಫು ಹುಡುಕುತ್ತಿರುವಾಗ ಹುಡುಗಿ ವಾಪಸು ಬಂದು ಎದುರಿಗೆ ನಿಂತಳು. ಕೌದಿಯ ಬಲಗಡೆ ನೋಡಿದಳು, ಎಡಗಡೆ ನೋಡಿದಳು, ಒಳಗೆ ಕೈಯಾಡಿಸಿ ತಡಕಿದಳು.

‘ಅಜ್ಜ, ತೋಳೆಲ್ಲಿ?’

ಕಾರ್ಖಾನೆಯಲ್ಲಿ ಇಂಥ ಪ್ರಶ್ನೆ ಬಂದರೆ ಮಾಸ್ಟರು ಪಕ್ಕದ ಬೆಂಚಿನತ್ತ ಬೆರಳು ತೋರಿಸುತ್ತಿದ್ದರು. ಬೆರಳು ತಾನಾಗಿಯೇ ಎದ್ದಿತು ಕೂಡ. ಆ ಕಡೆ ಬೆಂಚಿರಲಿಲ್ಲ, ಒಂದು ಕಿಟಕಿ ಇತ್ತು. ಎತ್ತಿದ ಬೆರಳನ್ನು ಏನು ಮಾಡುವುದೆಂದು ತಿಳಿಯದೆ ಅವರು ಮೂಗು ಕೆರೆದುಕೊಂಡರು.

‘ಇನ್ನೂ ಹಾಕಿಲ್ಲ ಕಣಮ್ಮ. ಎಲ್ಲಿ, ಕೈ ಚಾಚು ನೋಡೋಣ.’

ಹುಡುಗಿ ಕೈ ಚಾಚಿದಳು. ಮಾಸ್ಟರ ಹತ್ತಿರ ಟೇಪು ಇರಲಿಲ್ಲ, ಎಂದೂ ಇದ್ದದ್ದೇ ಇಲ್ಲ. ಕಾರ್ಖಾನೆಗೆ ಬರುತ್ತಿದ್ದ ತುಂಡುಗಳು ಯಾರದೋ ಅಳತೆಗೆ ಮೊದಲೇ ಕತ್ತರಿಸಿ ಬಂದವು. ಆ ಯಾರನ್ನೂ ಅವರು ಕಂಡವರಲ್ಲ. ಈಗ ಮೊಣಕಾಲೂರಿ ಕೂತು, ಮಗುವಿನ ಭುಜಕ್ಕೆ ಹೆಬ್ಬೆರಳು ಇಟ್ಟು, ಅಂಗೈ ಅಗಲಿಸಿ ಗೇಣು ಹಾಕಿದರು. ಎರಡನೇ ಗೇಣಿಗೆ ಹುಡುಗಿ ಕಚಗುಳಿ ಎಂದು ಕೈ ಎಳೆದುಕೊಂಡಳು, ಮತ್ತೆ ಭುಜದಿಂದ ಶುರು ಮಾಡಬೇಕಾಯಿತು. ಎರಡು ಗೇಣು, ಮೇಲೆ ಎರಡು ಬೆರಳು. ಬರೆದುಕೊಳ್ಳಲು ಏನೂ ಸಿಗದೆ ಅದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತ ಹೊರಗೆ ಬಂದು, ಹೇಳಿಕೊಳ್ಳುತ್ತಲೇ ವ್ಯಾನು ಹತ್ತಿದರು. ದೊಡ್ಡ ಮೇಡಂ ಏನೋ ಕೇಳಿದ್ದಕ್ಕೂ ‘ಎರಡು ಗೇಣು ಎರಡು ಬೆರಳು’ ಎಂದೇ ಉತ್ತರ ಕೊಟ್ಟರು.

ವ್ಯಾನು ಶುರುವಾಯಿತು. ಆಗ ಹೆಂಡತಿ, ಗ್ರಂಥಾಲಯ ಬಿಟ್ಟ ಮೇಲೆ ಮೊದಲ ಬಾರಿಗೆ, ಅವರ ಕಡೆ ತಿರುಗಿದರು.

‘ರೀ, ಇನ್ನೊಂದು ಕೈ ಅಳೆದ್ರಾ?’

ಮಾಸ್ಟರು ಎದ್ದು ನಿಂತು ವ್ಯಾನು ನಿಲ್ಲಿಸಲು ಹೇಳಿದರು, ಇಳಿದು ಮತ್ತೆ ನಿಲಯದ ಒಳಗೆ ಹೋದರು.